ಅಲುಗಾಡದೆ ಕೂತವರನ್ನೂ ಕಾಣುವ ಸೆನ್ಸರ್: ರಾಯಚೂರಿನ ಒಂದು ಕೋಣೆಯ ಪ್ರಕರಣ ಅಧ್ಯಯನ

ಕೋಣೆಗೆ ಯಾರಾದರೂ ಬಂದರು ಎಂದು ತಿಳಿಯುವುದು ಸುಲಭ. ಬಂದವರು ಇನ್ನೂ ಅಲ್ಲೇ ಇದ್ದಾರೋ, ಎದ್ದು ಹೋದರೋ ಎಂದು ತಿಳಿಯುವುದು ಕಷ್ಟ. ಮನೆಯಲ್ಲೇ ಪ್ರೆಸೆನ್ಸ್ ಸೆನ್ಸರ್ ಕಟ್ಟಲು ಹೊರಟವರ ಸಮಯವೆಲ್ಲ ಹೋಗುವುದು ಈ ಎರಡನೆಯ ಪ್ರಶ್ನೆಗೆ. ವೈರ್ ಜೋಡಿಸುವುದು ಒಂದು ಸಂಜೆಯ ಕೆಲಸ. ಆಮೇಲೆ ಸೆನ್ಸರ್ ಧೈರ್ಯವಾಗಿ ‘ಯಾರೂ ಇಲ್ಲ’ ಎನ್ನುವಂತೆ ಮಾಡುವುದೇ ನಿಜವಾದ ಕೆಲಸ. ನನ್ನ ದೊಡ್ಡಪ್ಪನ ಓದುವ ಕೋಣೆಯಲ್ಲಿ ಇದನ್ನು ಮಾಡಿದ್ದು ಹೇಗೆ ಎಂದು ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಭಾಗಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಭಾಗಗಳು ನಮ್ಮ ಬಿಸಿಲು, ನಮ್ಮ ಸೀಲಿಂಗ್ ಫ್ಯಾನು, ನಮ್ಮ ಪರದೆಗಳ ನಡುವೆ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಬರೆದವರು ಕಡಿಮೆ.

ಕೋಣೆ ಮತ್ತು ತೊಂದರೆ

ಮನೆ ಇರುವುದು ರಾಯಚೂರಿನಲ್ಲಿ. ಕೋಣೆ 10 ಅಡಿಗೆ 12 ಅಡಿ, ಎತ್ತರ 10 ಅಡಿ. ಒಂದು ಚಿಕ್ಕ ಗೋಡೆಯಲ್ಲಿ ಬಾಗಿಲು, ಎದುರಿನ ಚಿಕ್ಕ ಗೋಡೆಯಲ್ಲಿ ಕಿಟಕಿ. ಕಿಟಕಿಯ ಹತ್ತಿರ ದೊಡ್ಡಪ್ಪನ ಕುರ್ಚಿ, ಮುಂದೆ ಸಣ್ಣ ಮೇಜು. ಉದ್ದ ಗೋಡೆಗೆ ಒರಗಿದಂತೆ ಪುಸ್ತಕದ ಕಪಾಟು. ನಡುವೆ 48 ಇಂಚಿನ ಫ್ಯಾನು. ಫೆಬ್ರವರಿ ಮುಗಿಯುತ್ತಿದ್ದ ಹಾಗೆ ಅದು ತಿರುಗಲು ಶುರುವಾದರೆ ಮಳೆಗಾಲದವರೆಗೆ ನಿಲ್ಲುವುದಿಲ್ಲ.

ದೊಡ್ಡಪ್ಪ ನಿವೃತ್ತ ಮೇಷ್ಟ್ರು. ವಯಸ್ಸು ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಬೆಳಗಿನ ಜಾವವೇ ಎದ್ದು ಓದಲು ಕೂರುತ್ತಾರೆ. ಸ್ವಿಚ್ ಬೋರ್ಡ್ ಇರುವುದು ಬಾಗಿಲಿನ ಪಕ್ಕದ ಬೀರುವಿನ ಮಗ್ಗುಲಲ್ಲಿ. ಕತ್ತಲಲ್ಲಿ ಹೊಸ್ತಿಲು ದಾಟಿ, ಬೀರು ಬಳಸಿ, ಕೈ ಚಾಚಿ ಸ್ವಿಚ್ ಹುಡುಕಬೇಕು. ಬೀಳುವ ಭಯ ಮನೆಯವರಿಗೆಲ್ಲ ಇತ್ತು. ಆದ್ದರಿಂದಲೇ ತಾನಾಗಿ ಹತ್ತುವ ಲೈಟ್ ಹಾಕಿಸಿದ್ದರು. ಇದು ಚಂದಕ್ಕೆ ಮಾಡಿಸಿದ ಸ್ಮಾರ್ಟ್ ಹೋಮ್ ಅಲ್ಲ.

ಹಾಕಿಸಿದ್ದು ಪಿಐಆರ್, ಅಂದರೆ ದೇಹದ ಶಾಖದಿಂದ ಚಲನೆ ಹಿಡಿಯುವ ಸೆನ್ಸರ್ ಇದ್ದ ಲೈಟ್. ಒಳಗೆ ಬಂದರೆ ಹತ್ತುತ್ತಿತ್ತು. ಅದರಲ್ಲಿ ದೂರಿಲ್ಲ. ಆದರೆ ಕೂತು ಓದತೊಡಗಿದ ಸ್ವಲ್ಪ ಹೊತ್ತಿಗೆ ಆರಿ ಹೋಗುತ್ತಿತ್ತು. “ಓದ್ಕೋತ ಕೂತ್ರ ಲೈಟ್ ಹೋಗ್ತದ ತಮ್ಮಾ. ಕೈ ಎತ್ತಿದ್ರ ಬರ್ತದ,” ಎಂದು ಅವರು ಹೇಳಿದಾಗ ನನಗೆ ಬೇಸರವಾಯಿತು. ಓದುವ ಮನುಷ್ಯ ಪುಸ್ತಕ ಮಡಚಿ, ಕತ್ತಲಲ್ಲಿ ಕೈ ಬೀಸಿ, ತಾನು ಇದ್ದೇನೆ ಎಂದು ಯಂತ್ರಕ್ಕೆ ಹೇಳಬೇಕು. ಅದು ಸರಿಯಲ್ಲ. ಬೇಸಿಗೆ ಏರಿದಂತೆ ಇನ್ನೂ ಕೆಟ್ಟಿತು. ಕೆಲವು ಸಂಜೆ ಕೈ ಬೀಸಿದರೂ ಬರುತ್ತಿರಲಿಲ್ಲ.

ಪಿಐಆರ್‌ಗೆ ಏನಾಗುತ್ತಿತ್ತು

ಇದರಲ್ಲಿ ಸೆನ್ಸರಿನ ತಪ್ಪೇನೂ ಇರಲಿಲ್ಲ. ಅದು ಮಾಡುವ ಕೆಲಸವೇ ಬೇರೆ. ಪಿಐಆರ್ ಒಳಗೆ ಶಾಖದ ಕಿರಣಕ್ಕೆ ಸ್ಪಂದಿಸುವ ಎರಡು ತುಣುಕುಗಳು ಇರುತ್ತವೆ. ಒಂದರ ಸಿಗ್ನಲ್ ಇನ್ನೊಂದಕ್ಕೆ ಉಲ್ಟಾ. ಮುಂದಿನ ಬಿಳಿ ಗುಮ್ಮಟದಂಥ ಫ್ರೆನೆಲ್ ಲೆನ್ಸ್ ಕೋಣೆಯನ್ನು ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ಬಿಸಿಯಾದ ದೇಹವೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಎರಡು ತುಣುಕುಗಳ ನಡುವೆ ವ್ಯತ್ಯಾಸ ಹುಟ್ಟುತ್ತದೆ. ಅದು ನೋಡುವುದು ಆ ವ್ಯತ್ಯಾಸವನ್ನು ಮಾತ್ರ. ಸುಮ್ನೆ ಕೂತವರು ಎಷ್ಟೇ ಹೊತ್ತು ಕೂತರೂ ವ್ಯತ್ಯಾಸ ಹುಟ್ಟುವುದಿಲ್ಲ.

ಎರಡನೆಯದು ರಾಯಚೂರಿನ ಬಿಸಿಲು. ಅಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ. ಸಂಜೆಯಾದರೂ ಗೋಡೆ, ತಾರಸಿ ಎರಡೂ ಬಿಸಿ ಉಗುಳುತ್ತಲೇ ಇರುತ್ತವೆ. ನಮ್ಮ ಚರ್ಮದ ಬಿಸಿ ಸುಮಾರು 33ರಿಂದ 35 ಡಿಗ್ರಿ. ಹಿಂದಿನ ಗೋಡೆಯ ಬಿಸಿಯೂ ಅಷ್ಟೇ ಆದರೆ ಸೆನ್ಸರಿಗೆ ಮನುಷ್ಯ ಗೋಡೆಯಲ್ಲಿ ಕರಗಿ ಹೋಗುತ್ತಾನೆ. ಕೈ ಬೀಸಿದರೂ ಕೆಲಸ ಆಗದ ಸಂಜೆಗಳಿಗೆ ಇದೇ ಕಾರಣ.

ಟೈಮರ್ ಜಾಸ್ತಿ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಎಲ್ಲ ಕಡೆ ಸಿಗುವ ಎಚ್‌ಸಿ-ಎಸ್‌ಆರ್501 ಎಂಬ ಪಿಐಆರ್ ಮಾಡ್ಯೂಲಿನಲ್ಲಿ ತಿರುಪು ತಿರುಗಿಸಿ ಸುಮಾರು ಐದು ನಿಮಿಷದವರೆಗೆ ಏರಿಸಬಹುದು. ದೊಡ್ಡಪ್ಪ ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಪುಟದಲ್ಲಿ ಮುಳುಗಿರುತ್ತಾರೆ. ಅರ್ಧ ಗಂಟೆ ಇಟ್ಟರೆ ಕತ್ತಲು ತಡವಾಗಿ ಬರುತ್ತದೆ, ಅಷ್ಟೆ.

ಬೇರೆ ದಾರಿಗಳನ್ನೂ ತೂಗಿ ನೋಡಿದೆ. ಕ್ಯಾಮೆರಾ ಬೇಡವೇ ಬೇಡ. ಹಿರಿಯರು ಒಬ್ಬರೇ ಕೂರುವ ಕೋಣೆಗೆ ಕಣ್ಣು ಇಡುವುದು ನನಗೆ ಒಪ್ಪಿಗೆಯಿಲ್ಲ. ಎಂಟಕ್ಕೆ ಎಂಟು ಚುಕ್ಕಿಯ ಶಾಖದ ಸೆನ್ಸರ್ ಎಎಂಜಿ8833 ಚೆನ್ನಾಗಿದೆ. ಆದರೆ ಬೇಸಿಗೆಯಲ್ಲಿ ಅದಕ್ಕೂ ಪಿಐಆರ್ ಗತಿಯೇ. ಫೋನಿನ ಬ್ಲೂಟೂತ್ ಹಿಡಿದು ಜನ ಎಲ್ಲಿದ್ದಾರೆ ಎಂದು ತಿಳಿಯುವ ವಿಧಾನವೂ ಇದೆ. ದೊಡ್ಡಪ್ಪನ ಫೋನು ದಿನವಿಡೀ ಹಾಲಿನಲ್ಲಿ ಚಾರ್ಜಿಗೆ ಇರುತ್ತದೆ. ಉಳಿದದ್ದು ರೇಡಾರ್.

ಉಸಿರು ಹಿಡಿಯುವ ರೇಡಾರ್

ಬಳಸಿದ್ದು ಚೀನಾದ ಹೈ-ಲಿಂಕ್ ಕಂಪನಿಯ ಎಲ್‌ಡಿ2410ಸಿ ಮಾಡ್ಯೂಲ್. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಸಿ ಮಾದರಿಯನ್ನೇ ಆರಿಸಿದ್ದಕ್ಕೆ ಕಾರಣ ಅದರ ಪಿನ್ನುಗಳು. ಅವುಗಳ ನಡುವೆ 2.54 ಮಿಲಿಮೀಟರ್ ಅಂತರ ಇರುವುದರಿಂದ ಮಾಮೂಲಿ ಜಂಪರ್ ವೈರ್ ಕೂರುತ್ತದೆ. ಮೊದಲಿನ ಮಾದರಿಯ ಪಿನ್ನುಗಳು ಅದರ ಅರ್ಧದಷ್ಟು ಹತ್ತಿರ ಇದ್ದು, ಬೆಸುಗೆ ಹಾಕುವಾಗ ಕಣ್ಣು ನೋವು ಬರುತ್ತದೆ.

ಇದು 24 ಗಿಗಾಹರ್ಟ್ಸ್ ರೇಡಿಯೊ ಅಲೆ ಕಳಿಸಿ, ಮರಳಿ ಬಂದದ್ದನ್ನು ಓದುತ್ತದೆ. ಆ ಅಲೆಯ ಉದ್ದ ಸುಮಾರು 12.4 ಮಿಲಿಮೀಟರ್. ಇಲ್ಲಿಯೇ ಗುಟ್ಟು ಇರುವುದು. ಉಸಿರಾಡುವಾಗ ಎದೆ ಕೆಲವು ಮಿಲಿಮೀಟರಿನಷ್ಟು ಮುಂದೆ ಹಿಂದೆ ಹೋಗುತ್ತದೆ. ಅಲೆ ಹೋಗಿ ಬರುವುದರಿಂದ ಆ ದೂರ ಎರಡು ಪಟ್ಟಾಗುತ್ತದೆ. ಮೂರು ಮಿಲಿಮೀಟರ್ ಚಲನೆಗೂ ಮರಳುವ ಅಲೆ ತನ್ನ ಉದ್ದದ ಅರ್ಧದಷ್ಟು ಜರುಗಿರುತ್ತದೆ. ನಮ್ಮ ಕಣ್ಣಿಗೆ ಏನೂ ಅಲ್ಲದ ಉಸಿರು ಅದಕ್ಕೆ ದೊಡ್ಡ ಚಲನೆ. ಶಾಖದ ಹಂಗು ಇದಕ್ಕಿಲ್ಲ. ಗೋಡೆ 40 ಡಿಗ್ರಿ ಇದ್ದರೂ ಸರಿ, 20 ಇದ್ದರೂ ಸರಿ.

ದೊಡ್ಡಮ್ಮನಿಗೆ ಒಂದು ಆತಂಕ ಇತ್ತು. ದಿನವಿಡೀ ಮೈಮೇಲೆ ಕಿರಣ ಬೀಳುತ್ತದಲ್ಲ, ಏನೂ ಆಗುವುದಿಲ್ಲವೇ ಎಂದು. ಕೇಳಬೇಕಾದ ಪ್ರಶ್ನೆಯೇ ಅದು. ಇದು ಎಕ್ಸ್-ರೇ ತರಹದ್ದಲ್ಲ, ವೈ-ಫೈ ಜಾತಿಯ ರೇಡಿಯೊ ಅಲೆ, ಇದರ ಶಕ್ತಿ ಕಿವಿಗೆ ಹಿಡಿಯುವ ಫೋನಿಗಿಂತ ಕಡಿಮೆ ಎಂದು ಹೇಳಿದೆ. ಅವರು ಒಪ್ಪಿದ ಮೇಲೆಯೇ ಕೆಲಸ ಮುಂದುವರಿಸಿದ್ದು.

ಜೋಡಣೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ರೇಡಾರಿಗೆ 5 ವೋಲ್ಟ್ ಬೇಕು, ಅದು ಸರಾಸರಿ 80 ಮಿಲಿಆಂಪ್ ಹತ್ತಿರ ಎಳೆಯುತ್ತದೆ. ಅದರ ಸಿಗ್ನಲ್ 3.3 ವೋಲ್ಟ್ ಆದ್ದರಿಂದ ಇಎಸ್‌ಪಿ32 ಎಂಬ ವೈ-ಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನೇರವಾಗಿ ಕೊಡಬಹುದು. ರೇಡಾರಿನ ಟಿಎಕ್ಸ್ (ಕಳಿಸುವ ಪಿನ್) ಅನ್ನು ಬೋರ್ಡಿನ 16ನೇ ಪಿನ್ನಿಗೆ, ಆರ್‌ಎಕ್ಸ್ (ಪಡೆಯುವ ಪಿನ್) ಅನ್ನು 17ಕ್ಕೆ ಕೊಟ್ಟೆ. ಮಾತಾಡುವ ವೇಗ 256000 ಬಾಡ್, ಅಂದರೆ ಸೆಕೆಂಡಿಗೆ ಅಷ್ಟು ಬಿಟ್. ಇಷ್ಟು ವೇಗ ಇರುವುದರಿಂದ ಬೋರ್ಡಿನಲ್ಲೇ ಇರುವ ಹಾರ್ಡ್‌ವೇರ್ ಸೀರಿಯಲ್ ಪೋರ್ಟೇ ಬೇಕು, ತಂತ್ರಾಂಶದಲ್ಲಿ ಅನುಕರಿಸಿದ್ದು ಸಾಲದು. ಬೋರ್ಡಿನೊಳಗೆ ಓಡುವ ತಂತ್ರಾಂಶ ಇಎಸ್‌ಪಿಹೋಮ್. ಈ ರೇಡಾರಿಗೆ ಬೇಕಾದದ್ದೆಲ್ಲ ಅದರಲ್ಲಿ ಮೊದಲೇ ಇದೆ, ನಾವು ಕೋಡ್ ಬರೆಯಬೇಕಿಲ್ಲ. ರೀಡಿಂಗ್ ನೋಡಲು ನನ್ನ ಲ್ಯಾಪ್‌ಟಾಪಿನಲ್ಲಿ ಹೋಮ್ ಅಸಿಸ್ಟೆಂಟ್ ಎಂಬ, ಮನೆಯ ಇಂಥ ಸಾಧನಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ ತಂತ್ರಾಂಶ ಹಾಕಿಕೊಂಡು ಹೋಗಿದ್ದೆ.

ಡಬ್ಬಿ ಪ್ಲಾಸ್ಟಿಕ್ಕಿನದೇ ಆಗಬೇಕು. ಲೋಹದ ಡಬ್ಬಿ ಅಲೆಯನ್ನು ಪೂರ್ತಿ ತಡೆಯುತ್ತದೆ. ರೇಡಾರಿನ ಮುಖಕ್ಕೂ ಡಬ್ಬಿಯ ಮುಚ್ಚಳಕ್ಕೂ ಒಂದು ಅಲೆಯುದ್ದ, ಅಂದರೆ 12 ಮಿಲಿಮೀಟರಿನಷ್ಟು ಜಾಗ ಬಿಟ್ಟೆ. ಇನ್ನೊಂದು ಮಾತು. ಈ ಮಾಡ್ಯೂಲಿನಲ್ಲಿ ಬ್ಲೂಟೂತ್ ಇದೆ. ಅದರ ಪಾಸ್‌ವರ್ಡ್ ಕಾರ್ಖಾನೆಯಿಂದಲೇ ‘ಹೈಲಿಂಕ್’ ಎಂದು ಬಂದಿರುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮನೆಯವರೂ ಫೋನಿನಿಂದ ಒಳಹೋಗಬಹುದು. ಸೆಟ್ಟಿಂಗ್ ಮುಗಿದ ಮೇಲೆ ಬ್ಲೂಟೂತ್ ಆಫ್ ಮಾಡಿ. ಕೋಣೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಸುದ್ದಿ ಮನೆಯ ಹೊರಗೆ ಹೋಗಬಾರದು ಅಲ್ವಾ?

ಫ್ಯಾನು

ಮೊದಲು ಸೆನ್ಸರನ್ನು ಬಾಗಿಲ ಗೋಡೆಯ ಮೇಲೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಇಟ್ಟು ನೋಡಿದೆವು. ದೊಡ್ಡಪ್ಪ ಕೂತಾಗ ಲೈಟ್ ಒಮ್ಮೆಯೂ ಆರಲಿಲ್ಲ. ಅವರು ಎದ್ದು ಹೋದ ಮೇಲೂ ಆರಲಿಲ್ಲ. ಫ್ಯಾನ್ ಆಫ್ ಮಾಡಿದೊಡನೆ ಆರಿತು.

ಸೀಲಿಂಗ್ ಫ್ಯಾನ್ ಇರುವ ನಮ್ಮ ಊರುಗಳಲ್ಲಿ ಈ ರೇಡಾರ್ ಕೊಂಡ ಎಲ್ಲರೂ ಎಡವುವ ಜಾಗ ಇದು. ಹೆಚ್ಚಿನವರು ಇಲ್ಲಿಯೇ ಬೇಸತ್ತು ಡ್ರಾಯರಿಗೆ ಎಸೆಯುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಈ ರೇಡಾರಿಗೆ ದಿಕ್ಕು ಗೊತ್ತಿಲ್ಲ. ದೂರ ಮಾತ್ರ ಗೊತ್ತು. ತನ್ನ ಮುಂದಿನ ಜಾಗವನ್ನು ಅದು ಈರುಳ್ಳಿಯ ಪದರಗಳಂತೆ ಒಂದರ ಸುತ್ತ ಒಂದಾಗಿ ಹಂಚಿಕೊಳ್ಳುತ್ತದೆ. ಒಂದೊಂದು ಪದರಕ್ಕೂ ಗೇಟ್ ಎಂದು ಹೆಸರು, ದಪ್ಪ 0.75 ಮೀಟರ್. ಗೇಟ್ 0ರಿಂದ 8ರವರೆಗೆ ಒಟ್ಟು ಒಂಬತ್ತು. ಬಹುತೇಕ ಗೇಟುಗಳಿಗೆ ಎರಡೆರಡು ಮಿತಿ ಇಡಬಹುದು. ಚಲಿಸುವವರಿಗೆ ಒಂದು, ಸ್ಥಿರವಾಗಿ ಇರುವವರಿಗೆ ಇನ್ನೊಂದು. ಮರಳಿ ಬಂದ ಅಲೆಯ ಬಲವನ್ನು ಅದು 0ಯಿಂದ 100ರವರೆಗಿನ ಅಂಕಿಯಲ್ಲಿ ಹೇಳುತ್ತದೆ. ಮಿತಿ ದಾಟಿದರೆ ‘ಇದ್ದಾರೆ’ ಎನ್ನುತ್ತದೆ. ನೋಟದ ಅಗಲ ನಡು ಗೆರೆಯಿಂದ ಆಚೀಚೆ 60 ಡಿಗ್ರಿ. ಅಂದರೆ ಮುಂದೆ ನೋಡುವಾಗಲೇ ಅದಕ್ಕೆ ತಾರಸಿಯೂ ಕಾಣುತ್ತದೆ.

ಈಗ ಟೇಪ್ ಹಿಡಿದು ಅಳೆಯೋಣ. ಬಾಗಿಲ ಗೋಡೆಯಿಂದ ದೊಡ್ಡಪ್ಪನ ಎದೆಗೆ 2.9 ಮೀಟರ್. ಅದು ಗೇಟ್ 3, ಅಂದರೆ 2.25ರಿಂದ 3 ಮೀಟರ್ ನಡುವಿನ ಪದರ. ಅದೇ ಜಾಗದಿಂದ ಫ್ಯಾನಿನ ರೆಕ್ಕೆಗಳ ಹತ್ತಿರದ ತುದಿ 1.9 ಮೀಟರ್, ದೂರದ ತುದಿ 2.8 ಮೀಟರ್. ಫ್ಯಾನು ಗೇಟ್ 2 ಮತ್ತು 3ರಲ್ಲಿ ಕೂತಿದೆ. ಮನುಷ್ಯ ಕೆಳಗೆ ಇದ್ದಾನೆ, ಫ್ಯಾನು ಮೇಲೆ ಇದೆ ಎಂಬುದು ನಮಗೆ ಕಾಣುತ್ತದೆ. ರೇಡಾರಿಗೆ ಇಬ್ಬರೂ ಒಂದೇ ಪದರದಲ್ಲಿದ್ದಾರೆ. ಆ ಗೇಟಿನ ಮಿತಿ ಏರಿಸಿದರೆ ಫ್ಯಾನಿನ ಜೊತೆ ದೊಡ್ಡಪ್ಪನೂ ಮಾಯ. ಇಳಿಸಿದರೆ ಇಬ್ಬರೂ ಹಾಜರ್. ಎಷ್ಟು ಅಂಕಿ ಬದಲಿಸಿದರೂ ಈ ಜಾಗದಲ್ಲಿ ಉತ್ತರ ಸಿಗುವುದಿಲ್ಲ.

ಹಾಗಾದರೆ ಬೇಕಾದದ್ದು ಏನು? ದೊಡ್ಡಪ್ಪನ ದೂರ ಮತ್ತು ಫ್ಯಾನಿನ ದೂರ ಬೇರೆ ಬೇರೆ ಗೇಟಿಗೆ ಬೀಳುವ ಒಂದು ಜಾಗ. ಕೋಣೆಯ ನಕ್ಷೆ ಬರೆದು ಲೆಕ್ಕ ಹಾಕಿದೆ. ಸೆನ್ಸರ್ ಎತ್ತರಕ್ಕೆ ಹೋದಷ್ಟೂ ಫ್ಯಾನಿಗೆ ಹತ್ತಿರ. ಆದ್ದರಿಂದ ಕೆಳಗೆ ಇಳಿಸಬೇಕು. ಫ್ಯಾನು ನಡುವಿನಲ್ಲಿ ಇರುವುದರಿಂದ ಮೂಲೆಯ ಕಡೆ ಸರಿಸಬೇಕು. ಎರಡೂ ಕೂಡುವ ಜಾಗ ಪುಸ್ತಕದ ಕಪಾಟಿನ ಕೆಳಗಿನ ಖಾನೆ, ಕಿಟಕಿಯ ಕಡೆಯ ತುದಿ. ನೆಲದಿಂದ ಎರಡು ಅಡಿ. ಅಲ್ಲಿಂದ ದೊಡ್ಡಪ್ಪನ ಎದೆಗೆ 1.95 ಮೀಟರ್. ಅವರು ಹಿಂದೆ ಒರಗಿದರೂ, ಮೇಜಿನ ಮೇಲೆ ಬಾಗಿದರೂ 1.75ರಿಂದ 2.15ರ ಒಳಗೇ ಇರುತ್ತಾರೆ. ಅಂದರೆ ಯಾವಾಗಲೂ ಗೇಟ್ 2. ಫ್ಯಾನಿನ ಅತಿ ಹತ್ತಿರದ ರೆಕ್ಕೆ ತುದಿ ಈಗ 2.5 ಮೀಟರ್. ಅಂದರೆ ಫ್ಯಾನು ಶುರುವಾಗುವುದೇ ಗೇಟ್ 3ರಲ್ಲಿ.

ಆಮೇಲೆ ಮಾಡಬೇಕಾದದ್ದು ಸುಲಭ. ಎಲ್ಲಿಯವರೆಗೆ ನೋಡಬೇಕು ಎಂಬ ಸೆಟ್ಟಿಂಗಿನಲ್ಲಿ ಚಲನೆಗೂ ಸ್ಥಿರಕ್ಕೂ ಗೇಟ್ 2 ಎಂದು ಕೊಟ್ಟೆ. ಗೇಟ್ 3ರಿಂದ ಮುಂದಿನದ್ದು ಲೆಕ್ಕಕ್ಕೇ ಇಲ್ಲ. ಜೊತೆಗೆ ಡಬ್ಬಿಯ ಹಿಂದೆ ತೆಳುವಾದ ಮರದ ಚಕ್ಕೆ ಕೊಟ್ಟು ಮುಖವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದೆ. ಅದರಿಂದ ಫ್ಯಾನು ನೋಟದ ಅಂಚಿಗೆ ಸರಿಯಿತು. ರೆಗ್ಯುಲೇಟರ್ 1ರಿಂದ 5ರವರೆಗೆ ತಿರುಗಿಸಿ, ಖಾಲಿ ಕೋಣೆಯಲ್ಲಿ ರೀಡಿಂಗ್ ನೋಡಿದೆವು. ಗೇಟ್ 3, 4ರಲ್ಲಿ ಅಂಕಿಗಳು ಕುಣಿಯುತ್ತಿದ್ದವು. ಗೇಟ್ 2 ಶಾಂತವಾಗಿತ್ತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಘಳಿಗೆ ಅದು.

ಸೆನ್ಸರನ್ನು ಎಲ್ಲಿ ಚಂದ ಕಾಣುತ್ತದೋ ಅಲ್ಲಿ ಇಡುವುದಲ್ಲ. ಮೊದಲು ಟೇಪು, ಆಮೇಲೆ ಮೊಳೆ.

ಪರದೆ

ಫ್ಯಾನ್ ಬಿಟ್ಟರೂ ಅದರ ಗಾಳಿ ಬಿಡಲಿಲ್ಲ. ಕಿಟಕಿಯ ಪರದೆ ಸೆನ್ಸರಿನಿಂದ 1.3ರಿಂದ 2.2 ಮೀಟರ್ ದೂರದಲ್ಲಿ ಹರಡಿಕೊಂಡಿತ್ತು. ಅದು ದೊಡ್ಡಪ್ಪನ ಗೇಟೇ. ಫ್ಯಾನ್ ಜೋರಾದಾಗ ಪರದೆ ಆಡುತ್ತಿತ್ತು. ಖಾಲಿ ಕೋಣೆಯಲ್ಲಿ ಆಗಾಗ ‘ಇದ್ದಾರೆ’ ಎಂದು ಬರುತ್ತಿತ್ತು.

ಇಲ್ಲಿ ಎಂಜಿನಿಯರಿಂಗ್ ಮೋಡ್ ಉಪಯೋಗಕ್ಕೆ ಬಂತು. ಅದನ್ನು ಆನ್ ಮಾಡಿದರೆ ಒಂದೊಂದು ಗೇಟಿನ ಬಲವೂ ಹೋಮ್ ಅಸಿಸ್ಟೆಂಟಿನಲ್ಲಿ ಗೆರೆಯಾಗಿ ಕಾಣುತ್ತದೆ. ಪರದೆಯನ್ನು ಆಡದಂತೆ ನಿಲ್ಲಿಸಿ, ನಾನು ಸೆನ್ಸರಿನ ನೋಟದಿಂದ ಹೊರಗೆ ನಿಂತಾಗ ಗೇಟ್ 2ರ ಸ್ಥಿರ ಬಲ 20 ದಾಟಲಿಲ್ಲ. ಪರದೆ ಆಡಲು ಬಿಟ್ಟಾಗ 45ರವರೆಗೆ ಏರಿತು. “ದೊಡ್ಡಪ್ಪ, ನೀವು ದಿನಾ ಕೂರೋ ಹಾಗೇ ಕೂರಿ, ನಾನಿದ್ದೇನೆ ಅಂತ ನೆಟ್ಟಗಾಗಬೇಡಿ,” ಎಂದೆ. ಅವರು ಓದುವಾಗ ಬಲ 70ರ ಮೇಲೆ ಇತ್ತು. ಇಷ್ಟಕ್ಕೇ ನಿಂತಿದ್ದರೆ 55ಕ್ಕೆ ಮಿತಿ ಇಟ್ಟು ಮುಗಿಸಬಹುದಿತ್ತು. ಆದರೆ ಮಧ್ಯಾಹ್ನ ಅವರು ಕುರ್ಚಿಯಲ್ಲೇ ತೂಕಡಿಸಿದರು. ಉಸಿರು ನಿಧಾನವಾಯಿತು. ಅವರು ಕಿಟಕಿಯ ಕಡೆ ಮುಖ ಮಾಡಿ ಕೂರುವುದರಿಂದ ಸೆನ್ಸರಿಗೆ ಕಾಣುವುದು ಎದೆಯ ಪಕ್ಕ ಮಾತ್ರ. ಉಸಿರಾಡುವಾಗ ಪಕ್ಕ ಅಲುಗುವುದು ಮುಂಭಾಗಕ್ಕಿಂತ ಕಡಿಮೆ. ಬಲ 40ರ ಹತ್ತಿರಕ್ಕೆ ಇಳಿಯಿತು.

ತೂಕಡಿಸುವ ಮನುಷ್ಯ 40, ಆಡುವ ಪರದೆ 45. ಈ ಎರಡನ್ನು ಬೇರೆ ಮಾಡುವ ಮಿತಿ ಇಲ್ಲ. ಇಂಥ ಕಡೆ ತಂತ್ರಾಂಶದಲ್ಲಿ ಇನ್ನಷ್ಟು ಬುದ್ಧಿ ತುಂಬಲು ಹೋಗುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಕೋಣೆಯನ್ನೇ ಸರಿಪಡಿಸುವುದು ಮೇಲು. ಪರದೆ ತೆಗೆದುಬಿಡೋಣ ಎಂದರೆ ಅದು ಪಡುವಣ ಕಿಟಕಿ, ಸಂಜೆಯ ಬಿಸಿಲು ನೇರವಾಗಿ ಮುಖಕ್ಕೆ ಬರುತ್ತದೆ. ದೊಡ್ಡಮ್ಮ ದಾರಿ ಹುಡುಕಿದರು. ಪರದೆಯ ಕೆಳ ಅಂಚನ್ನು ಮಡಚಿ ಹೊಲಿದು, ಅದರೊಳಗೆ ಮರದ ಕೋಲು ತೂರಿಸಿದರು. ಎರಡು ತುದಿಗೂ ನಾಡಾ ಕಟ್ಟಿ ಕಿಟಕಿಯ ಸರಳಿಗೆ ಬಿಗಿದರು. ಪರದೆ ಆಡುವುದು ನಿಂತಿತು. ಖಾಲಿ ಕೋಣೆಯ ಬಲ ಮತ್ತೆ 20ರ ಕೆಳಗೆ ಬಂತು. ಸ್ಥಿರದ ಮಿತಿಯನ್ನು 30ಕ್ಕೆ ಇಟ್ಟೆ. ಮೇಲೆ ಕೆಳಗೆ ಎರಡೂ ಕಡೆ ಹತ್ತು ಅಂಕಿಯ ಜಾಗ ಸಿಕ್ಕಿತು. ಈ ಸೆನ್ಸರಿನ ಅತಿ ಮುಖ್ಯವಾದ ಭಾಗ ಯಾವುದು ಎಂದು ಕೇಳಿದರೆ ಆ ಹೊಲಿಗೆ ಎನ್ನುತ್ತೇನೆ.

ಯಾವ ಕಡೆಗೆ ತಪ್ಪಬೇಕು

ಯಾವ ಸೆನ್ಸರೂ ನೂರಕ್ಕೆ ನೂರು ಸರಿ ಇರುವುದಿಲ್ಲ. ಆದ್ದರಿಂದ ತಪ್ಪುವುದಾದರೆ ಯಾವ ಕಡೆಗೆ ತಪ್ಪಬೇಕು ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಯಾರೂ ಇಲ್ಲದಾಗ ಲೈಟ್ ಉರಿದರೆ ನಷ್ಟ ಎಷ್ಟು? 20 ವಾಟಿನ ಎಲ್‌ಇಡಿ ಟ್ಯೂಬ್ ಹತ್ತು ಗಂಟೆ ಸುಮ್ನೆ ಉರಿದರೂ ಯೂನಿಟಿನ ಐದನೇ ಒಂದು ಭಾಗ. ಇದ್ದಾಗ ಆರಿದರೆ? ಮಂಡಿ ನೋವಿನ ಹಿರಿಯರೊಬ್ಬರು ಕತ್ತಲಲ್ಲಿ. ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ವಿದ್ಯುತ್ ಉಳಿಸುವುದಕ್ಕೆ ಎಂದು ಮಿತಿಗಳನ್ನು ಬಿಗಿ ಮಾಡುತ್ತಾ ಹೋಗುವುದು ಇಂಥ ಮನೆಯಲ್ಲಿ ತಪ್ಪು ದಾರಿ.

ಹಾಗಾಗಿ ನಿಯಮವನ್ನು ಹೀಗೆ ಕಟ್ಟಿದೆ. ಹಳೆಯ ಲೈಟನ್ನು ತೆಗೆಸಿ ಟ್ಯೂಬ್ ಹಾಕಿಸಿದೆ. ಬಾಗಿಲ ಹತ್ತಿರ ಒಂದು ಎಚ್‌ಸಿ-ಎಸ್‌ಆರ್501 ಇಟ್ಟೆ. ಪಿಐಆರ್ ಸೋತ ಕೋಣೆಗೆ ಮತ್ತೆ ಪಿಐಆರ್ ಯಾಕೆ ಎಂದರೆ, ಬರುವುದನ್ನು ಹಿಡಿಯುವುದರಲ್ಲಿ ಅದು ಗಟ್ಟಿ. ಬಾಗಿಲು ದಾಟುವವರು ಅದರ ಮುಂದೆ ಒಂದೆರಡು ಮೀಟರಿನಲ್ಲೇ ಅಡ್ಡ ಹಾಯುತ್ತಾರೆ. ಬೆಳಗಿನ ಜಾವ ಗೋಡೆಯೂ ತಣಿದಿರುತ್ತದೆ. ಗೇಟ್ 2ರ ಆಚೆ, ಬೀರುವಿನ ಬಳಿ ನಿಂತವರನ್ನೂ ಅದೇ ನೋಡಿಕೊಳ್ಳುತ್ತದೆ. ಪಿಐಆರ್ ಅಥವಾ ರೇಡಾರ್, ಯಾವುದು ಹೇಳಿದರೂ ಲೈಟ್ ಹತ್ತುತ್ತದೆ. ಆರಬೇಕಾದರೆ ಎರಡೂ ಒಟ್ಟಿಗೆ ಎರಡು ನಿಮಿಷ ಸುಮ್ಮನಿರಬೇಕು. ರೇಡಾರಿನ ಒಳಗೂ ಒಂದು ಟೈಮರ್ ಇದೆ, ಮೂಲದಲ್ಲಿ ಐದು ಸೆಕೆಂಡ್. ಅದನ್ನು ಹಾಗೇ ಬಿಟ್ಟೆ. ಕಾಯುವ ಲೆಕ್ಕ ಒಂದೇ ಕಡೆ ಇದ್ದರೆ ಮುಂದೆ ಹುಡುಕಾಟ ತಪ್ಪುತ್ತದೆ.

ಹಗಲು ಲೈಟ್ ಬೇಡವಾದ್ದರಿಂದ ಬೆಳಕು ನೋಡುವ ಎಲ್‌ಡಿಆರ್ ಕೂಡ ಸೇರಿಸಿದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಕತ್ತಲು ಇದೆಯೇ ಎಂದು ಲೈಟ್ ಹತ್ತಿಸುವ ಮುಂಚೆ ಮಾತ್ರ ಕೇಳಬೇಕು. ಹತ್ತಿದ ಮೇಲೂ ಕೇಳುತ್ತಿದ್ದರೆ ಟ್ಯೂಬಿನ ಬೆಳಕನ್ನೇ ಹಗಲು ಎಂದುಕೊಂಡು ಆರಿಸುತ್ತದೆ, ಆರಿದೊಡನೆ ಕತ್ತಲೆಂದು ಮತ್ತೆ ಹತ್ತಿಸುತ್ತದೆ.

ಸ್ವಿಚ್ ಸ್ವಿಚ್ಚೇ ಆಗಿರಲಿ

ಟ್ಯೂಬ್‌ಲೈಟ್ 230 ವೋಲ್ಟ್. ಆ ಭಾಗದ ಕೆಲಸವನ್ನು ಎಲೆಕ್ಟ್ರಿಷಿಯನ್ ಮಾಡಿದರು. ಹವ್ಯಾಸಕ್ಕೆ ಕೈ ಹಾಕುವ ಜಾಗ ಅದಲ್ಲ. ಕಪಾಟಿನಿಂದ ಬೋರ್ಡಿನವರೆಗೆ ಸಣ್ಣ ವೋಲ್ಟೇಜಿನ ವೈರುಗಳು ಕೇಸಿಂಗ್ ಕ್ಯಾಪಿಂಗ್ ಒಳಗೆ ಬೇರೆಯಾಗಿಯೇ ಹೋದವು. ಬೋರ್ಡಿನ ಸಣ್ಣ ಸಿಗ್ನಲ್ಲಿನಿಂದ ಟ್ಯೂಬನ್ನು ಹತ್ತಿಸಿ ಆರಿಸುವ ಸ್ವಿಚ್ಚೇ ರಿಲೇ. ಅದನ್ನು ಕೊಳ್ಳುವಾಗ 3.3 ವೋಲ್ಟಿಗೆ ಸರಿಯಾಗಿ ಎಳೆಯುವುದನ್ನೇ ಕೇಳಿ ತನ್ನಿ. ಕೆಲವು 5 ವೋಲ್ಟ್ ರಿಲೇಗಳು ಇಎಸ್‌ಪಿ32ರ ಸಿಗ್ನಲ್ಲಿಗೆ ಒಮ್ಮೆ ಓಗೊಟ್ಟು ಒಮ್ಮೆ ಬಿಡುತ್ತವೆ.

ರಿಲೇಯನ್ನು ಹಳೆಯ ಸ್ವಿಚ್ಚಿಗೆ ಪ್ಯಾರಲಲ್ ಆಗಿ ಕೊಡಿಸಿದೆ. ಸ್ವಿಚ್ ಹಾಕಿದರೆ ಲೈಟ್ ಯಾವಾಗಲೂ ಉರಿಯುತ್ತದೆ. ಸ್ವಿಚ್ ತೆಗೆದಿದ್ದರೆ ಸೆನ್ಸರ್ ನೋಡಿಕೊಳ್ಳುತ್ತದೆ. ಸೆನ್ಸರ್ ಕೆಟ್ಟರೆ, ಚಾರ್ಜರ್ ಸುಟ್ಟರೆ ಕೋಣೆ ಮೊದಲಿನ ಹಾಗೆ ಸಾದಾ ಕೋಣೆಯಾಗುತ್ತದೆ. ಆ ಮನೆಯಲ್ಲಿ ರಿಪೇರಿ ಮಾಡುವವರು ಯಾರೂ ಇಲ್ಲ, ನಾನು ಇರುವುದು ಬೆಂಗಳೂರಿನಲ್ಲಿ. ಹಿರಿಯರ ಮನೆಯಲ್ಲಿ ಏನು ಹಾಕಿದರೂ ಅದು ಕೆಟ್ಟ ದಿನ ಅವರಿಗೆ ಏನಾಗುತ್ತದೆ ಎಂದು ಕೇಳಿಕೊಂಡೇ ಹಾಕಬೇಕು.

ತೀರ್ಮಾನ ತೆಗೆದುಕೊಳ್ಳುವ ನಿಯಮಗಳನ್ನೆಲ್ಲ ಇಎಸ್‌ಪಿ32ರ ಒಳಗೇ ಇಟ್ಟದ್ದೂ ಅದಕ್ಕೇ. ಇಂಟರ್ನೆಟ್ ಬೇಡ, ರೂಟರ್ ಬೇಡ, ಹೋಮ್ ಅಸಿಸ್ಟೆಂಟೂ ಬೇಡ. ಅಳತೆ ಮುಗಿದ ಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಬೆಂಗಳೂರಿಗೆ ಮರಳಿದೆ. ದೊಡ್ಡಪ್ಪ ಫೋನ್ ಮಾಡಿದರು. ಎಲ್ಲ ಚಲೋ ಇದೆ, ಆದರೆ ಕಾಲು ಗಂಟೆಗೊಮ್ಮೆ ಲೈಟ್ ಚಕ್ಕನೆ ಹೋಗಿ ಬರುತ್ತದೆ ಎಂದರು.

ಕಾಲು ಗಂಟೆ ಎಂಬ ಆ ಮಾತೇ ಸುಳಿವು ಕೊಟ್ಟಿತು. ದೊಡ್ಡಪ್ಪ ಗಡಿಯಾರ ನೋಡಿ ಹೇಳಿದ್ದರು. ಇಎಸ್‌ಪಿಹೋಮಿನಲ್ಲಿ ಒಂದು ಮೂಲ ಸೆಟ್ಟಿಂಗ್ ಇದೆ. 15 ನಿಮಿಷ ಹೋಮ್ ಅಸಿಸ್ಟೆಂಟ್ ಸಂಪರ್ಕ ಸಿಗದಿದ್ದರೆ ಬೋರ್ಡ್ ತಾನೇ ರೀಬೂಟ್ ಆಗುತ್ತದೆ. ಸಂಪರ್ಕ ಸಿಕ್ಕಿಹಾಕಿಕೊಂಡಿದ್ದರೆ ಬಿಡಿಸಿಕೊಳ್ಳಲಿ ಎಂದು ಇಟ್ಟಿರುವ ಒಳ್ಳೆಯ ಏರ್ಪಾಡು ಅದು. ವೈ-ಫೈಗೂ ಇಂಥದ್ದೇ ಇನ್ನೊಂದಿದೆ. ಆದರೆ ಒಂಟಿಯಾಗಿ ಕೆಲಸ ಮಾಡುವ ಸೆನ್ಸರಿಗೆ ಇದು ಹೊಂದುವುದಿಲ್ಲ. ರೀಬೂಟ್ ಆಗುವಾಗ ರಿಲೇ ಬಿಡುತ್ತದೆ, ಎದ್ದ ಮೇಲೆ ರೇಡಾರ್ ದೊಡ್ಡಪ್ಪನನ್ನು ಕಂಡು ಮತ್ತೆ ಹಿಡಿಯುತ್ತದೆ. ಎರಡು ಕಡೆಯೂ ರೀಬೂಟ್ ಟೈಮ್‌ಔಟ್ ಅನ್ನು ಸೊನ್ನೆ ಮಾಡಿದರೆ ಸಾಕು. ಮುಂದಿನ ಸಲ ಹೋದಾಗ ಬದಲಿಸಿದೆ, ಆ ತೊಂದರೆ ನಿಂತಿತು. ಹೋಮ್ ಅಸಿಸ್ಟೆಂಟ್ ಇಲ್ಲದ ಮನೆಗೆ ಇಎಸ್‌ಪಿಹೋಮ್ ಸೆನ್ಸರ್ ಕಟ್ಟಿಕೊಡುವವರು ಈ ಒಂದು ಸಾಲನ್ನು ಮರೆಯಬಾರದು.

ಕರೆಂಟ್ ಹೋಗಿ ಬರುವಾಗಲೂ ನಡೆಯುವುದು ಇದೇ. ಸೆನ್ಸರಿನ ಚಾರ್ಜರ್ ಮತ್ತು ಟ್ಯೂಬ್ ಎರಡೂ ಇನ್ವರ್ಟರ್ ಲೈನಿನಲ್ಲೇ ಇವೆ. ಬೋರ್ಡ್ ಒಮ್ಮೆ ಆರಿ ಎದ್ದರೂ ಕೆಲವು ಸೆಕೆಂಡಿನಲ್ಲಿ ಬೆಳಕು ಮರಳುತ್ತದೆ, ಯಾರೂ ಕೈ ಬೀಸಬೇಕಿಲ್ಲ.

ಈಗ ಹೇಗಿದೆ

ಏಪ್ರಿಲ್, ಮೇ ತಿಂಗಳ ಬಿಸಿಲನ್ನೂ ಸೆನ್ಸರ್ ದಾಟಿದೆ. ದೊಡ್ಡಪ್ಪ ಓದುವಾಗ ಲೈಟ್ ಆರುವ ದೂರು ಬಂದಿಲ್ಲ. ಯಾರೂ ಇಲ್ಲದೆ ಉರಿಯುವುದು ಆಗೊಮ್ಮೆ ಈಗೊಮ್ಮೆ ಇದೆ. ಅವರ ಬೆಕ್ಕು ಕುರ್ಚಿಯ ಮೇಲೆ ಮಲಗಿದಾಗ ರೇಡಾರ್ ಅದರ ಉಸಿರನ್ನೂ ಎಣಿಸುತ್ತದೆ. ಅದನ್ನು ತಡೆಯಲು ಮಿತಿ ಏರಿಸಿದರೆ ತೂಕಡಿಸುವ ದೊಡ್ಡಪ್ಪನಿಗೆ ಕುತ್ತು. ಹಾಗೇ ಬಿಟ್ಟಿದ್ದೇನೆ.

ಕುರ್ಚಿಯ ಜಾಗ ಬದಲಿಸಿದರೆ ಲೆಕ್ಕವೆಲ್ಲ ಬದಲಾಗುತ್ತದೆ. ಅದಕ್ಕೇ ಕೋಣೆಯ ನಕ್ಷೆ, ದೂರಗಳು, ಗೇಟು, ಮಿತಿ, ಯಾವ ವೈರ್ ಎಲ್ಲಿಗೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಡಬ್ಬಿಯ ಒಳಗೆ ಅಂಟಿಸಿದೆ. ಅದರ ಇನ್ನೊಂದು ಪ್ರತಿ ಆ ಎಲೆಕ್ಟ್ರಿಷಿಯನ್ ಹತ್ತಿರ ಇದೆ.

ಮುಂದಿನದು ಬಚ್ಚಲು ಮನೆ. ಹಿರಿಯರು ಬೀಳುವ ಭಯ ಅಲ್ಲಿಯೇ ಜಾಸ್ತಿ. ಅಲ್ಲಿ ಫ್ಯಾನಿಲ್ಲ, ಪರದೆಯೂ ಇಲ್ಲ. ಆದರೆ ನೀರಿದೆ. ಈ ಅಲೆಗೆ ನೀರೂ ಕಾಣುತ್ತದೆ. ನಲ್ಲಿಯಿಂದ ಬೀಳುವ ನೀರು ಮನುಷ್ಯನ ಹಾಗೇ ಅಲುಗುವ ವಸ್ತು. ಡಬ್ಬಿಗೆ ತೇವ ಹೋಗದಂತೆ ರಬ್ಬರ್ ವಾಷರ್ ಬೇಕು. ಬಾಗಿಲಿಗೆ ಒಂದು ಮ್ಯಾಗ್ನೆಟ್ ಸ್ವಿಚ್ ಹಾಕಿ, ಬಾಗಿಲು ತೆರೆಯುವವರೆಗೆ ಒಳಗಿದ್ದವರು ಒಳಗೇ ಇದ್ದಾರೆ ಎಂದು ಹಿಡಿಯುವ ಯೋಚನೆ ಇದೆ. ಬಕೆಟ್, ನಲ್ಲಿ, ಕೂರುವ ಮಣೆ, ಬಾಗಿಲು ಇವುಗಳ ದೂರ ಅಳೆದು ಕಳಿಸಲು ದೊಡ್ಡಮ್ಮನಿಗೆ ಹೇಳಿದ್ದೇನೆ.